ಗಂಡೆಂದು ಕೊಟ್ಟ ಹಲ್ಲಿ ಇಟ್ಟ ಮೊಟ್ಟೆಗಳ ಕುರಿತು

ಜೇವರ್ಗಿಯ ಬಣ್ಣದ ಮೀನು ಹಾಗೂ ಪಕ್ಷಿಗಳ ಅಂಗಡಿಯ ಮಾಲೀಕರಾದ ಶ್ರೀ ವ್ಯಂಕಟೇಶ ಅವರ ಸನ್ನಿಧಿಗೆ ಒಂದು ಬಹಿರಂಗ ಪತ್ರ,

ಮಾನ್ಯರೇ,

ಅಫಜಲಪುರದಿಂದ ಬಸವೇಶ್ವರಿ ಮಾಡುವ ಶರಣು ಶರಣಾರ್ಥಿಗಳು. ತಾವೂ, ತಮ್ಮ ಕುಟುಂಬದವರೂ, ಅಂಗಡಿಯ ಮೀನು, ಗಿಳಿ, ಮೊಲಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ವಿಷಯದಲ್ಲಿ ನಂಬುವುದು ನನಗೆ ಅಭ್ಯಾಸವಾಗಿರುವುದರಿಂದ ಇದೂ ಕಷ್ಟವಾಗಲಿಲ್ಲ.

ಕಳೆದ ವರ್ಷ ಸೊಸೆ ಭಾಗ್ಯಜ್ಯೋತಿಯೊಂದಿಗೆ ತಮ್ಮಲ್ಲಿಗೆ ಬಂದಿದ್ದ ಕನ್ನಡಕದ ಮುದುಕಿಯನ್ನು ತಾವು ಮರೆತಿರಲಾರಿರಿ. ಸೊಸೆ ಇಲ್ಲಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಬೇರೆ ಹುಡುಗಿಯರು ಹಲ್ಲಿ ಕಂಡು ಮಂಚ ಹತ್ತುವ ವಯಸ್ಸಿನಲ್ಲಿ ಇವಳು ಹಲ್ಲಿಯ ಬೆನ್ನು ಹತ್ತಿದವಳು. ತಮ್ಮ ಗಾಜಿನ ಪೆಟ್ಟಿಗೆಯಲ್ಲಿದ್ದ, ಹಳದಿ ಮೈಮೇಲೆ ಕರಿ ಚುಕ್ಕೆಗಳಿದ್ದ, ತಾವು ಗೆಕ್ಕೊ ಎಂದು ಕರೆದ ಎರಡು ಮರಿ ಹಲ್ಲಿಗಳ ಮೇಲೆ ಅವಳ ಕಣ್ಣು ಬಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ. ನಮ್ಮದು ಲಿಂಗಾಯತರ ಮನೆ, ಕೇಕನ್ನೂ ಮೊಟ್ಟೆಯಿಲ್ಲದ್ದೆಂದು ಖಾತ್ರಿ ಮಾಡಿಕೊಂಡೇ ತರುವವರು, ಮೊಟ್ಟೆಯೆಂಬುದು ಹೊಸ್ತಿಲು ದಾಟಬಾರದೆಂದು ನಮ್ಮ ಯಜಮಾನರು ಚಂದ್ರಾಮಪ್ಪನವರ ಕಟ್ಟುನಿಟ್ಟು, ಹೀಗಿರುವಾಗ ಇವು ಮುಂದೆ ಮೊಟ್ಟೆ ಇಡುತ್ತವೆಯೇ ಎಂದು. ತಾವು ಎರಡನ್ನೂ ಅಂಗೈ ಮೇಲೆ ಹೊರಳಿಸಿ ನೋಡಿ, “ಎರಡೂ ಗಂಡ ಅದಾವ್ರಿ ಅಮ್ಮಾರ. ತತ್ತಿ ಎಲ್ಲಿಂದ ಇಡ್ತಾವ? ನಂದ ಜಿಮ್ಮೇದಾರಿ,” ಎಂದಿರಿ. ಇಷ್ಟು ಚಿಕ್ಕ ಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲವೆಂದು ಸೊಸೆ ಓದಿದ್ದಳು. ತಮ್ಮಂಥ ಅನುಭವಿಗಳ ಮುಂದೆ ಓದಿದವರು ಸುಮ್ಮನಿರಬೇಕೆಂದು ನಾನೇ ಅವಳಿಗೆ ಕಣ್ಸನ್ನೆ ಮಾಡಿದೆ.

ಎರಡನ್ನೂ ಮನೆಗೆ ತಂದು ತೊಗರಿ, ಜೋಳ ಎಂದು ಹೆಸರಿಟ್ಟೆವು. ಎರಡೂ ಒಂದೇ ಹಂಚಿನ ಕೆಳಗೆ ಮೈಗೆ ಮೈ ಹಚ್ಚಿ ಮಲಗುತ್ತಿದ್ದವು. ಬಾವಿ ನೀರಿನ ಪಾಲಿಗಾಗಿ ಒಡಹುಟ್ಟಿದ ತಮ್ಮಂದಿರ ವಿರುದ್ಧ ಕೋರ್ಟು ಅಲೆದ ಯಜಮಾನರು ಮನೆಗೆ ಬಂದವರನ್ನೆಲ್ಲ ಗಾಜಿನ ಮುಂದೆ ನಿಲ್ಲಿಸಿ, “ಅಣ್ಣತಮ್ಮರಂದ್ರ ಹಿಂಗಿರಬೇಕ ನೋಡ್ರಿ,” ಎಂದು ತೋರಿಸುತ್ತಿದ್ದರು. ಅವರಿಗೆ ಆ ಸಂತೋಷವನ್ನು ಏಪ್ರಿಲ್‌ವರೆಗೆ ಕೊಟ್ಟ ಪುಣ್ಯ ತಮ್ಮದು.

ಏಪ್ರಿಲ್‌ನಲ್ಲಿ ತೊಗರಿ ಹೊಟ್ಟೆ ಬಿಟ್ಟುಕೊಂಡು, ಒಂದು ಬೆಳಿಗ್ಗೆ ಒದ್ದೆ ತೆಂಗಿನ ನಾರಿನ ಪುಡಿಯನ್ನು ಕೆದರಿ, ಎರಡು ಬಿಳಿಯ ಮೆತ್ತನೆಯ ಮೊಟ್ಟೆಗಳನ್ನಿಟ್ಟು, ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಹಂಚಿನ ಕೆಳಗೆ ಹೋಗಿ ಮಲಗಿತು. ಯಜಮಾನರು ಚಹಾದ ಬಟ್ಟಲು ಕೆಳಗಿಟ್ಟರು.

“ಅವನ್ನ ಹೊಲದಾಗ ಇಟ್ಟ ಬರ್ರಿ,” ಎಂದರು.

“ಮಾವಾರ, ಹೊಲದಾಗ ಇಟ್ರ ಒಂದ ದಿನಾನೂ ಉಳಿಯಂಗಿಲ್ರಿ. ಅದರಾಗ ಜೀವ ಅದ,” ಎಂದಳು ಸೊಸೆ.

ಜೀವವೆಂಬ ಮಾತು ಕೇಳಿ ಅವರು ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡರು. ಅವರು ಚಹಾಕ್ಕೆ ಮರಳಿದರೆ ನಮ್ಮ ಮನೆಯಲ್ಲಿ ಅದನ್ನು ಕೋರ್ಟು ಮುಂದೂಡಿದಂಥ ವಾಯಿದೆ ಎಂದು ತಿಳಿಯುತ್ತೇವೆ. ಸೊಸೆ ಮೊಟ್ಟೆಗಳನ್ನು ಹೊರಳದಂತೆ ಎತ್ತಿ, ಮೇಲ್ಭಾಗ ತಿಳಿಯಲೆಂದು ಪೆನ್ಸಿಲಿನಿಂದ ಚುಕ್ಕೆಯಿಟ್ಟು, ಹಸಿ ನಾರಿನ ಪುಡಿ ತುಂಬಿದ ಡಬ್ಬಿಯಲ್ಲಿ ಇಟ್ಟಳು. ಕೆಲವು ದಿನಗಳಾದ ಮೇಲೆ ಟಾರ್ಚು ಹಿಡಿದು ತೋರಿಸಿದಾಗ ಒಳಗೆ ಕೆಂಪು ನೂಲಿನೆಳೆಯಂಥ ನರಗಳು ಕಂಡವು. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಹಂಚುವಾಗಲೂ ಬಾಗಿಲಾಚೆ ನಿಂತೇ ಮೇಲ್ವಿಚಾರಣೆ ಮಾಡಿದ ಮುಖ್ಯೋಪಾಧ್ಯಾಯಿನಿ ನಾನು. ಅಂದು ಕನ್ನಡಕ ಒರೆಸಿಕೊಂಡು ಎರಡನೆಯ ಸಲ ನೋಡಿದೆ.

ಅಷ್ಟರಲ್ಲಿ ಅವಳಿಗೆ ಪರೀಕ್ಷೆಯ ಪತ್ರಿಕೆ ತಿದ್ದಲು ಕಲಬುರಗಿಗೆ ಕರೆ ಬಂತು. “ಅತ್ತಿ, ಹೊಳ್ಳಸಬ್ಯಾಡ್ರಿ, ಒಣಗಸಬ್ಯಾಡ್ರಿ, ಝಳ ಹತ್ತಗೊಡಬ್ಯಾಡ್ರಿ. ನಿಮ್ಮ ಮ್ಯಾಲ ಬಿಟ್ಟ ಹೊಂಟೀನಿ,” ಎಂದಳು. ಮದುವೆಯಾಗಿ ಬಂದಾಗಿನಿಂದ ತನ್ನ ಒಂದು ಸೀರೆಯನ್ನೂ ನನಗೆ ಮಡಿಚಲು ಬಿಡದವಳು ಅವಳು. ಹೀಗಾಗಿ ಒಪ್ಪಿಕೊಂಡೆ.

ನೆರೆಮನೆಯ ಸುಲ್ತಾನಬಿ ಕೋಳಿ ಸಾಕಿದವಳು. ಸುದ್ದಿ ತಿಳಿದು ಬಂದು, “ಟೀಚರಮ್ಮ, ದಿನಾ ಹೊಳ್ಳಸಬೇಕ್ರಿ. ಇಲ್ಲಂದ್ರ ಮರಿ ಒಂದ ಮಗ್ಗಲಕ ಅಂಟಗೋತದ,” ಎಂದು ಡಬ್ಬಿಗೆ ಕೈ ಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಕೋಳಿಯ ಮೊಟ್ಟೆಯನ್ನು ಹೊರಳಿಸದಿದ್ದರೆ ಕೆಡುತ್ತದೆ, ಹಲ್ಲಿಯದನ್ನು ಹೊರಳಿಸಿದರೆ ಕೆಡುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು. ಇಷ್ಟು ವರ್ಷದ ಗೆಳತಿ ಒಂದು ವಾರ ನಮ್ಮ ಕಡೆ ಮುಖ ಹಾಕಲಿಲ್ಲ. ಇದನ್ನೂ ತಮ್ಮ ಜಿಮ್ಮೇದಾರಿಯಲ್ಲಿ ಸೇರಿಸಿಕೊಳ್ಳಲು ಕೋರುತ್ತೇನೆ.

ಮೇ ತಿಂಗಳ ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಕರೆಂಟಿನ ಕಂಬಗಳು ಬಿದ್ದವು, ಮಳೆ ಮಾತ್ರ ಬರಲಿಲ್ಲ. ಕೂಲರ್ ನಿಂತಿತು. ಡಬ್ಬಿಯ ಉಷ್ಣಮಾಪಕ, ಸೊಸೆ ಗೆರೆ ಎಳೆದು ಹೋದ ಮೂವತ್ತೆರಡನ್ನು ದಾಟಿ ಏರತೊಡಗಿತು. ಬಚ್ಚಲಿಗೆ ಒಯ್ದೆ, ನೀರಿನ ಮಣ್ಣಿನ ಕೊಡದ ಬುಡಕ್ಕೆ ಒಯ್ದೆ, ಪ್ರಯೋಜನವಾಗಲಿಲ್ಲ. ಈ ಮನೆಯಲ್ಲಿ ಬೇಸಿಗೆಯಲ್ಲೂ ತಂಪಾಗಿರುವುದು ದಪ್ಪ ಕಲ್ಲುಗೋಡೆಯ ದೇವರ ಕೋಣೆಯೊಂದೇ. ಪಡಸಾಲೆಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದ ಯಜಮಾನರ ಮುಂದಿನಿಂದಲೇ ಹೋಗಬೇಕಿತ್ತು.

“ಎಲ್ಲಿ ಹೊಂಟಿ?” ಎಂದರು.

“ಒಳಗ.”

“ಒಳಗ ಅಂದ್ರ?”

“ಒಳಗ,” ಎಂದೆ. ಡಬ್ಬಿಯನ್ನು ಸೆರಗಿನಡಿ ಸರಿಸಿಕೊಂಡು ದೇವರ ಕೋಣೆಯತ್ತ ಇನ್ನೊಂದು ಹೆಜ್ಜೆ ಇಟ್ಟೆ.

ಅವರು ಬೀಸಣಿಗೆಯನ್ನು ಮಡಿಲಲ್ಲಿಟ್ಟುಕೊಂಡರು. “ಕೆಳಗಿನ ಹಲಗಿ ಮ್ಯಾಲ ಇಡು. ಮ್ಯಾಲಿಂದಕ ದೀಪದ ಝಳ ಬಡೀತದ,” ಎಂದರು.

ಎರಡರಲ್ಲಿ ಒಂದು ಆ ಝಳವನ್ನು ತಾಳಲಿಲ್ಲ. ಹಳದಿಯಾಗಿ, ಕುಸಿದು, ಬೂಸರು ಹಿಡಿಯಿತು. ಬೇವಿನ ಗಿಡದ ಬುಡದಲ್ಲಿ ಹೂತು ಬಂದು ಫೋನು ಮಾಡಿದೆ. ಸೊಸೆ ಮೊದಲು ಇನ್ನೊಂದರ ಬಣ್ಣ ಕೇಳಿದಳು. ಆಮೇಲೆ, “ನೀವು ಉಂಡ್ರೇನ್ರಿ ಅತ್ತಿ?” ಎಂದು ಕೇಳಿದಳು. ಉಂಡಿರಲಿಲ್ಲ. ಮೊಟ್ಟೆಗಾಗಿ ಊಟ ಬಿಟ್ಟವಳು ನಮ್ಮ ವಂಶದಲ್ಲಿ ನಾನೊಬ್ಬಳೇ.

ಇನ್ನೊಂದು ಮೊಟ್ಟೆ ಜೂನ್‌ನಲ್ಲಿ, ಸೊಸೆ ಮರಳಿದ ಮೇಲೆ, ಅದೇ ದೇವರ ಕೋಣೆಯಲ್ಲಿ ಯಜಮಾನರ ಬೆಳಗಿನ ಪೂಜೆಯ ವೇಳೆಗೆ ಬಿರಿಯಿತು. ಅವರ ಎಡಗೈಯಲ್ಲಿ ಇಷ್ಟಲಿಂಗವಿತ್ತು, ನಡುವೆ ಏಳುವಂತಿರಲಿಲ್ಲ. “ಭಾಗ್ಯಾ, ಬಾ ಇಲ್ಲಿ. ತಲಿ ಹೊರಗ ಹಾಕೇದ. ಗದ್ಲ ಮಾಡಬ್ಯಾಡ,” ಎಂದು ಮೆಲ್ಲಗೆ ಕರೆದರು. ನಾವಿಬ್ಬರೂ ಬಾಗಿಲಲ್ಲಿ ಕೂತೆವು. ಬೆರಳುದ್ದದ ಪಟ್ಟೆ ಪಟ್ಟೆಯ ಮರಿ ಪೂರ್ತಿ ಹೊರಬರುವವರೆಗೆ ಸೊಸೆ ನನ್ನ ಮೊಣಕೈ ಹಿಡಿದಿದ್ದಳು. ಆ ದಿನ ಪೂಜೆ ಎಂದಿಗಿಂತ ದೀರ್ಘವಾಯಿತು.

ಮಾನ್ಯರೇ, ತಮ್ಮ ಅಂಗೈಯಲ್ಲಿ ಗಂಡಾಗಿದ್ದದ್ದು ನಮ್ಮ ಮನೆಯಲ್ಲಿ ತಾಯಿಯಾಗಿದೆ. ಇಂಥ ಕೈಗುಣ ಈ ಸೀಮೆಯ ಯಾವ ವೈದ್ಯರಿಗೂ ಇಲ್ಲ. ಆದರೆ ಚೊಚ್ಚಲ ಹೆರಿಗೆ ತವರಿನ ಹೊಣೆಯೆಂಬುದು ತಾವೂ ಬಲ್ಲ ಸಂಗತಿ, ಮತ್ತು ತೊಗರಿಯ ತವರು ತಮ್ಮ ಅಂಗಡಿ. ಸೀಮಂತದ ಕುಬಸಕ್ಕೆ ಸೀರೆ ತರಲಿಲ್ಲ, ಕರೆಯಲು ಬರಲಿಲ್ಲ, ಬಾಣಂತಿಗೆ ಒಂದು ಅಂಟಿನ ಉಂಡೆ ಕಳುಹಿಸಲಿಲ್ಲ. ಬೀಗರು ಹೀಗೆ ನಡೆದರೆ ನಮ್ಮ ಕಡೆ ಹಿರಿಯರನ್ನು ಕೂಡಿಸುತ್ತಾರೆ. ತಾವು ಒಂದು ತೊಟ್ಟಿಲಿನೊಂದಿಗೆ ಬಂದು, ಈಗ ಬೇರೆ ಪೆಟ್ಟಿಗೆಯಲ್ಲಿರುವ ಜೋಳಕ್ಕೆ ತಾನು ಯಾರ ಅಣ್ಣನೂ ಅಲ್ಲವೆಂದು ತಿಳಿಸಿ ಹೇಳಿದರೆ ಆ ಮಟ್ಟಿಗೆ ನಾವು ಸುಮ್ಮನಾಗುತ್ತೇವೆ.

ಇನ್ನೂ ಉಳಿದಿರುವಷ್ಟರ ಮಟ್ಟಿಗೆ,
ತಮ್ಮ ವಿಶ್ವಾಸಿ,
ಬಸವೇಶ್ವರಿ
ನಿವೃತ್ತ ಮುಖ್ಯೋಪಾಧ್ಯಾಯಿನಿ, ಅಫಜಲಪುರ

ತಾ.ಕ.: ಇದನ್ನು ಮುಗಿಸುವಷ್ಟರಲ್ಲಿ ತೊಗರಿ ಮತ್ತೆರಡು ಇಟ್ಟಿದೆ, ಒಮ್ಮೆ ಕೂಡಿದ್ದು ಇವಕ್ಕೆ ಹಲವು ಸಲಕ್ಕೆ ಸಾಕಂತೆ. ಈ ಬಾರಿಯಾದರೂ ತವರಿಗೆ ಕಳುಹಿಸೋಣವೆಂದು ನಾನು ಹೇಳಿದ್ದಕ್ಕೆ ಯಜಮಾನರು, “ಆ ಮನಷ್ಯಾನ ಕೈಯಾಗ ಕೊಡ್ತೀ? ತಲಿ ನೆಟ್ಟಗದ ಇಲ್ಲ ನಿಂದು?” ಎಂದರು. ಬಹಿರಂಗ ಪತ್ರದಲ್ಲಿ ಇಂಥ ಮಾತು ಬರೆಯುವುದು ಸೌಜನ್ಯವಲ್ಲವಾದ್ದರಿಂದ ಬರೆಯದೆ ಬಿಟ್ಟಿದ್ದೇನೆ.