ತೊಟ್ಟಿಲ್ಲದ ಮಿಡಿ, ಕೂದಲಿರುವ ನಾನು

ಫೋಟೋ ಚಂದ ಮಾಡುವ ವಿದ್ಯೆಯಲ್ಲಿ ನಾನು ಪಾರಂಗತನೆಂದು ಈ ಮಾರ್ಚ್‌ವರೆಗೂ ನಂಬಿದ್ದೆ. ಮೊದಲೇ ಕೂತಲ್ಲಿ ಕೂರುವ ಜೀವವಲ್ಲ, ಮೊಬೈಲಿಗೆ ಎ.ಐ. ಬಂದ ಮೇಲೆ ಯಾವ ಫೋಟೋವನ್ನೂ ಇದ್ದ ಹಾಗೆ ಬಿಟ್ಟವನಲ್ಲ. ತಣ್ಣಗಿನ ಇಡ್ಲಿಗೆ ಹಬೆ ಬರಿಸಿದೆ, ಶಿರಸಿ ಬಸ್‌ಸ್ಟ್ಯಾಂಡಿನ ಮೇಲೆ ಕಾಮನಬಿಲ್ಲು ಏರಿಸಿದೆ, ಮಾವನವರ ಬಿದ್ದ ಹಲ್ಲನ್ನೂ ವಾಪಸು ತರಿಸಿದೆ!

ನನ್ನ ಹೆಂಡತಿ ಸುಮಾ ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ಅವಳಿಗೆ ಮೊದಲ ದೊಡ್ಡ ಆರ್ಡರ್ ಬಂದದ್ದು ಸಿದ್ದಾಪುರದ ಶಾರದಕ್ಕನಿಂದ, ಮೊಮ್ಮಗನ ಉಪನಯನಕ್ಕೆ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ. ಉಪ್ಪಿಗೆ ಹಾಕುವ ಮೊದಲು ಮಿಡಿಯ ಫೋಟೋ ಕಳಿಸಬೇಕೆಂದು ಅವರ ಅಪ್ಪಣೆ. ಸುಮಾ ನನ್ನ ಕೈಗೆ ಮಿಡಿಯ ಬುಟ್ಟಿ ಕೊಟ್ಟು, ನನ್ನ ಮೊಬೈಲಿನಲ್ಲೇ ನನ್ನ ಸಮೇತ ಫೋಟೋ ತೆಗೆದು, ಕಳಿಸಿಬಿಡಿ ಎಂದು ಒಳಗೆ ಹೋದಳು.

ಹಾಗೇ ಕಳಿಸುವುದೇ? "ಚಂದ ಮಾಡು" ಎಂದು ಒತ್ತಿದೆ. ಮಿಡಿಗಳು ಫಳಫಳ ಹೊಳೆದವು. ನನ್ನ ಬೋಳುತಲೆಯ ಮೇಲೆ ಗುಂಗುರು ಕೂದಲು ಎದ್ದಿತು. ನಾನು ಕೂದಲನ್ನು ಮಾತ್ರ ನೋಡಿದೆ. ಕಳಿಸಿದೆ.

ಸ್ವಲ್ಪ ಹೊತ್ತಿಗೆ ಸುಮಾ ಫೋನ್ ಹಿಡಿದು ಹೊರಗೆ ಬಂದಳು. ಮುಖ ಕೆಂಪಾಗಿತ್ತು.

"ತೊಟ್ಟು ಎಲ್ಲಿ ಹೋತು? ಬಿದ್ದ ಮಿಡಿ ಆರ್ಸಿದ್ದು ಹೇಳಿ ಶಾರದಕ್ಕ ಆರ್ಡರ್ ಬ್ಯಾಡ ಹೇಳ್ತಾ ಇದ್ದು."

ನಮ್ಮ ಕಡೆ ಮಿಡಿ ಕೊಳ್ಳುವವರು ಮೊದಲು ನೋಡುವುದೇ ತೊಟ್ಟು. ತೊಟ್ಟಿದ್ದರೆ ಮರ ಹತ್ತಿ ಕೊಯ್ದದ್ದು. ಇಲ್ಲದಿದ್ದರೆ ನೆಲಕ್ಕೆ ಉದುರಿ, ಸೊನೆ ಸೋರಿ, ಭರಣಿಯಲ್ಲಿ ಬೇಗ ಮೆತ್ತಗಾಗುವಂಥದ್ದು. ಎ.ಐ.ಗೆ ತೊಟ್ಟು ಕಸಕಡ್ಡಿಯಂತೆ ಕಂಡಿರಬೇಕು. ಒಂದೂ ಬಿಡದೆ ಗುಡಿಸಿತ್ತು!

ಗಾಬರಿಯಲ್ಲಿ "ಎಲ್ಲದಕ್ಕೂ ತೊಟ್ಟು ಹಾಕು" ಎಂದು ಆಜ್ಞಾಪಿಸಿ, ಬಂದದ್ದನ್ನು ನೋಡದೆ ಕಳಿಸಿದೆ. ಅದು ಒಂದೊಂದು ಮಿಡಿಗೂ ಬದನೆಕಾಯಿಯ ಟೋಪಿ ತೊಡಿಸಿತ್ತು. ಕೊನೆಗೆ ಅಸಲಿ ಫೋಟೋವನ್ನೇ ಕಳಿಸಿದೆ. ಇನ್ನು ನಿಮ್ಮ ಯಾವ ಫೋಟೋವನ್ನೂ ನಂಬುವುದಿಲ್ಲ ಎಂದು ಉತ್ತರ ಬಂತು.

"ಎನ್ನ ಹೆಸರು ಹಾಳಾತು," ಎಂದಳು ಸುಮಾ. ಕಣ್ಣಲ್ಲಿ ನೀರಿತ್ತು. "ನಿಂಗಳೇ ಹೋಗಿ ಸರಿ ಮಾಡ್ಕ್ಯಂಡು ಬನ್ನಿ."

ಬುಟ್ಟಿ ಹಿಡಿದು ಸಿದ್ದಾಪುರದ ಬಸ್ ಹತ್ತಿದೆ. ಕಾಲಿಡಲು ಜಾಗವಿಲ್ಲ. ತೊಟ್ಟು ಮುರಿದರೆ ನನ್ನ ಸಂಸಾರವೇ ಮುರಿದಂತೆ! ಪ್ರತಿ ತಿರುವಿಗೂ ಬುಟ್ಟಿಯೊಳಗೆ ಇಣುಕುತ್ತಿದ್ದೆ. ಪಕ್ಕದಲ್ಲಿದ್ದವರು ಮರಿ ಏನಾದರೂ ಇದೆಯೋ ಎಂದು ವಿಚಾರಿಸಿದರು. ಕೊನೆಗೆ ಬುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದೆ. ಕೈ ಸೋತಿತು, ಇಳಿಸಲಿಲ್ಲ.

ಶಾರದಕ್ಕ ಬಾಗಿಲು ಅರ್ಧ ತೆರೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಡಿಯ ಹತ್ತಿರ ದೃಷ್ಟಿ ನಿಂತಿತು. ಸುಮಾಳ ಗಂಡ ಬರುತ್ತಾರೆಂದು ಫೋನ್ ಬಂದಿತ್ತು, ಆದರೆ ಮೊದಲ ಫೋಟೋದಲ್ಲಿದ್ದ ಗುಂಗುರು ಕೂದಲಿನವರು ಬೇರೆಯಲ್ಲವೇ ಎಂದು ಅವರ ಅನುಮಾನ. ಅವನೇ ನಾನು ಎಂದು ಪ್ರಮಾಣ ಮಾಡುವ ಹೊತ್ತಿಗೆ ಬೆವರಿ ನೀರಾದೆ.

ಅವರು ಬುಟ್ಟಿಯಿಂದ ಒಂದು ಮಿಡಿಯನ್ನು ತೊಟ್ಟು ಹಿಡಿದೇ ಎತ್ತಿದರು. ತೊಟ್ಟು ಮುರಿದು ಮೂಸಿದರು. ಮುಖ ಸಡಿಲವಾಯಿತು.

"ಮಿಡಿ ಅಡ್ಡಿಲ್ಲೆ. ಸುಮಂಗೆ ಉಪ್ಪಿಗೆ ಹಾಕು ಹೇಳಿ," ಎಂದರು. ಆಮೇಲೆ ಮತ್ತೆ ನನ್ನ ತಲೆ ನೋಡಿ, "ಅಲ್ದಾ, ಮಿಡಿ ತೊಟ್ಟೆಲ್ಲ ಕಿತ್ತು ನಿಂಗಳ ತಲೆಗೆ ನೆಟ್ಟಿದ್ದಾ?" ಎಂದು ಕೇಳಿದರು.

ಅಲ್ಲೇ ನನ್ನನ್ನು ಅಂಗಳದ ಬಿಸಿಲಿನಲ್ಲಿ ಬುಟ್ಟಿಯ ಸಮೇತ ನಿಲ್ಲಿಸಿ, ತಾವೇ ಫೋಟೋ ತೆಗೆದು ಸುಮಾಳಿಗೆ ಕಳಿಸಿದರು. ಜೊತೆಗೆ ಒಂದು ಸಾಲು: "ಅಸಲಿ ಬಂತು, ಎರಡೂ."

ಸುಮಾ ಈಗ ಗಿರಾಕಿಗಳಿಗೆಲ್ಲ ಕಳಿಸುವುದು ಅದೇ ಫೋಟೋ. ತೊಟ್ಟಿನ ಬಗ್ಗೆ ಯಾರದ್ದೂ ತಕರಾರಿಲ್ಲ. ಒಬ್ಬಿಬ್ಬರು ಮಾತ್ರ, ಯಜಮಾನರ ತಲೆಯ ಹೊಳಪು ಎ.ಐ.ಯದ್ದೋ ಎಂದು ಕೇಳುತ್ತಾರೆ. ಅಲ್ಲ, ಅದೊಂದು ಸ್ವಂತದ್ದು ಎಂದು ಸುಮಾ ತಕ್ಷಣ ಉತ್ತರಿಸುತ್ತಾಳೆ.