ದೀಪ ಹಚ್ಚುವ ಹೊತ್ತಿನ ಸುಳ್ಳುಗಳು

ನಮ್ಮಪ್ಪನಿಗೆ ಬದುಕಿದ್ದವರಿಗಿಂತ ಸತ್ತವರ ಜೊತೆ ಸಲಿಗೆ ಜಾಸ್ತಿ. ಹೊಟ್ಟೆಕಿಚ್ಚಿನ ಮಾತಲ್ಲ ಇದು, ನಜರ್‌ಬಾದಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಎದುರುಮನೆಯವರು ನಿಂತು ನಮಸ್ಕಾರ ಅಂದರೆ ಬರೀ ‘ಹೂಂ’ ಅನ್ನುವ ಮನುಷ್ಯ, ಗೋಡೆಯ ಮೇಲಿದ್ದ ತಾತನ ಫೋಟೋ ಜೊತೆ ಅರ್ಧ ಗಂಟೆ ಮಾತಾಡುತ್ತಿದ್ದರು!

ಆ ಫೋಟೋದ ಕತೆ ಹೇಳಲೇಬೇಕು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ತಾತ ಕ್ಯಾಮೆರಾ ಕಂಡರೆ ಓಡುತ್ತಿದ್ದರಂತೆ. ಸತ್ತ ಮೇಲೆ ಓಡುವುದೆಲ್ಲಿಗೆ? ಊರಿನಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ರುಮಾಲು ಸುತ್ತಿ, ಹಾರ ಹಾಕಿ, ತಲೆ ವಾಲದಂತೆ ಹಿಂದಿನಿಂದ ಒಬ್ಬರು ಹಿಡಿದುಕೊಂಡು ಫೋಟೋ ತೆಗೆಸಿದರು. ಹಿಡಿದವರ ನಾಲ್ಕು ಬೆರಳು ರುಮಾಲಿನ ಪಕ್ಕದಲ್ಲಿ ಈಗಲೂ ಕಾಣುತ್ತವೆ. ಕಣ್ಣು ಮುಚ್ಚಿತ್ತಲ್ಲ, ಫೋಟೋದವನು ರೆಪ್ಪೆಯ ಮೇಲೆ ಬಣ್ಣದಲ್ಲಿ ಎರಡು ಕಣ್ಣು ಬರೆದುಕೊಟ್ಟ. ತುಸು ದೊಡ್ಡದಾಗಿಯೇ ಬರೆದ. ಪಡಸಾಲೆಯ ಯಾವ ಮೂಲೆಗೆ ಹೋದರೂ ಆ ಕಣ್ಣು ನಮ್ಮ ಹಿಂದೆಯೇ ಬರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಅವ್ವ, ನಾನು, ತಮ್ಮ ಆ ಕಣ್ಣುಗಳ ಮುಂದೆ ಸಾಲಾಗಿ ನಿಂತು, ಅಂದು ಆಡಿದ ಸುಳ್ಳನ್ನು ತಾತನಿಗೆ ಒಪ್ಪಿಸಬೇಕು. ಇದು ಅಪ್ಪ ಮಾಡಿದ ಕಟ್ಟಳೆ. ಒಪ್ಪಿಸಿದ ಸುಳ್ಳಿಗೆ ಏಟಿಲ್ಲ, ಬೈಗುಳವಿಲ್ಲ. ಆದರೆ ಒಪ್ಪಿಸದೆ ಮಲಗಿದವರ ಕಡೆ ತಾತ ರಾತ್ರಿಯೆಲ್ಲ ನೋಡುತ್ತಿರುತ್ತಾರಂತೆ. ಇದಕ್ಕಿಂತ ಏಟೇ ವಾಸಿಯಲ್ಲವೇ? ಒಮ್ಮೆ ನಮ್ಮ ಸೋದರಮಾವ ಆ ಹೊತ್ತಿಗೆ ಬಂದು ಸಿಕ್ಕಿಹಾಕಿಕೊಂಡರು. ಅವರನ್ನೂ ನಿಲ್ಲಿಸಿದ್ದಾಯಿತು. ಅವರ ಸುಳ್ಳು ಮುಗಿಯುವಷ್ಟರಲ್ಲಿ ಅವ್ವ ಕಾಸಿಟ್ಟ ಕಾಫಿ ತಣ್ಣಗಾಗಿತ್ತು. ಆಮೇಲೆ ಅವರು ನಮ್ಮ ಮನೆಗೆ ಬೆಳಗಿನ ಹೊತ್ತು ಮಾತ್ರ ಬರುತ್ತಿದ್ದರು.

ಮೊದಲ ಸರದಿ ಅಪ್ಪನದೇ. ಅಂದಿನ ಸುಳ್ಳಿಗೆ ಮೊದಲು ಅವರು ದಿನವೂ ಒಂದು ಹಳೆಯ ಸುಳ್ಳನ್ನು ಹೇಳುತ್ತಿದ್ದರು. ತಾತ ಹಾಸಿಗೆ ಹಿಡಿದು ಮಗನನ್ನು ನೋಡಬೇಕೆಂದು ಹೇಳಿಕಳಿಸಿದಾಗ, ಕಚೇರಿಯಲ್ಲಿ ರಜ ಸಿಗಲಿಲ್ಲ ಎಂದು ಅಪ್ಪ ಹೇಳಿಕಳಿಸಿದ್ದರು. ರಜ ಕೇಳಿಯೇ ಇರಲಿಲ್ಲ. ಕಚೇರಿಯೇ ಇಲ್ಲದ ಭಾನುವಾರವೂ ಹೋಗದೆ ಕುಸ್ತಿ ನೋಡುತ್ತಿದ್ದರು. ಊರು ಮುಟ್ಟುವಾಗ ತಾತ ಕುರ್ಚಿಯಲ್ಲಿದ್ದರು. ಫೋಟೋದಲ್ಲಿರುವ ಆ ನಾಲ್ಕು ಬೆರಳು ಅಪ್ಪನವೇ.

ಹೀಗಾಗಿ ಪ್ರತಿವರ್ಷ ಹಿರಿಯರ ಹಬ್ಬ ಬಂತೆಂದರೆ ಅಪ್ಪನಿಗೆ ಒಂದೇ ಆಸೆ. ತಾತ ಬಂದು ಎಡೆ ಮುಟ್ಟಿದ್ದಕ್ಕೆ, ಕೋಪ ಬಿಟ್ಟದ್ದಕ್ಕೆ ಏನಾದರೊಂದು ಗುರುತು ಬೇಕು. ನಮ್ಮಲ್ಲಿ ಸತ್ತವರಿಗೆ ಬಾಳೆಲೆಯಲ್ಲಿ ಎಡೆ ಬಡಿಸಿ, ದೀಪವಿಟ್ಟು, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುತ್ತೇವೆ. ಊಟವಾಗುವಷ್ಟು ಹೊತ್ತು ಬಿಟ್ಟು, ಬಾಗಿಲು ಬಡಿದು, ಕೆಮ್ಮಿ ಒಳಗೆ ಹೋಗಬೇಕು. ಅವರು ಇನ್ನೂ ಉಣ್ಣುತ್ತಿದ್ದರೆ?

ನನಗೆ ಆಗ ಏಳು ವರ್ಷ. ಆ ವರ್ಷ ಎಡೆಯ ಮುಂದೆ ದೀಪ ಇಡಲು ನನ್ನನ್ನೇ ಕಳಿಸಿದರು. ದೀಪವನ್ನೇನೋ ಇಟ್ಟೆ. ವಡೆ ಬಿಸಿಯಾಗಿತ್ತು. ಒಂದನ್ನು ತೆಗೆದು ಕಚ್ಚಿದೆನೋ ಇಲ್ಲವೋ, ಅಪ್ಪನ ಹೆಜ್ಜೆ ಕೇಳಿಸಿತು. ಕಚ್ಚಿದ ಭಾಗ ಕೆಳಗೆ ಮಾಡಿ ಎಲೆಯ ಮೇಲಿಟ್ಟು ಹೊರಗೆ ಬಂದುಬಿಟ್ಟೆ. ಬಾಗಿಲು ಮುಚ್ಚಿತು. ನಾವು ಹೊರಗೆ ಕಾಯುತ್ತಾ ನಿಂತೆವು. ಗಾಳಿಯಿರಲಿಲ್ಲ, ಬೆಕ್ಕೂ ಇರಲಿಲ್ಲ. ಆದರೂ ಒಳಗೆ ಬಾಳೆಲೆ ಸರಿದ ಸದ್ದು ಬಂತು, ಯಾರೋ ತಮ್ಮ ಹತ್ತಿರಕ್ಕೆ ಎಳೆದುಕೊಂಡ ಹಾಗೆ. ಬಾಯಲ್ಲಿದ್ದ ವಡೆಯನ್ನು ಅಗಿಯದೆಯೇ ನುಂಗಿಬಿಟ್ಟೆ.

ಬಾಗಿಲು ತೆಗೆದ ಅಪ್ಪ ವಡೆ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಕಣ್ಣು ತುಂಬಿಕೊಂಡಿತು, ವಡೆಯನ್ನು ಮತ್ತೆ ಎಲೆಯ ಮೇಲಿಟ್ಟರು. ಅವ್ವ ಮಾತ್ರ ತಮ್ಮ ಮಾವ ಬಂದು ಎಡೆ ಉಂಡುಹೋದರು ಎಂದು ಬೀದಿಗೆಲ್ಲ ಸಾರಿದರು. ‘ಹೂಂ’ಗಿಂತ ಹೆಚ್ಚಿಗೆ ಗತಿಯಿಲ್ಲದ ಎದುರುಮನೆಯವರೂ ಬಂದು ವಡೆಗೆ ಕೈ ಮುಗಿದು ಹೋದರು!

ಅಂದು ಸಂಜೆ ನಾನು ಒಪ್ಪಿಸಿದ್ದು ಯಾವುದೋ ಪುಡಿ ಸುಳ್ಳು. ಮರುದಿನವೂ ಅಷ್ಟೇ. ನಿಜ ಹೇಳಿದರೆ ಅಪ್ಪನಿಗೆ ಸಿಕ್ಕ ಕ್ಷಮೆಯನ್ನು ಕಿತ್ತುಕೊಂಡ ಹಾಗಲ್ಲವೇ? ಹೇಳದಿದ್ದರೆ ಆ ಕಣ್ಣು! ದಿನದಿಂದ ದಿನಕ್ಕೆ ಅವು ದೊಡ್ಡವಾಗುತ್ತಿದ್ದವು, ಸುಳ್ಳಲ್ಲ. ಒಂಬತ್ತನೆಯ ಸಂಜೆ ತಡೆಯಲಾರದೆ, ವಡೆ ಕಚ್ಚಿದ್ದು ನೀವಲ್ಲ, ನಾನು ಎಂದು ತಾತನಿಗೆ ಹೇಳಿ ಅತ್ತುಬಿಟ್ಟೆ.

ಅಪ್ಪ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. ‘ಅವತ್ತೇ ಗೊತ್ತಾಯ್ತು ಕಣವ್ವ. ನಿಮ್ ತಾತನ ಬಾಯಲ್ಲಿ ಒಂದ್ ಹಲ್ಲೂ ಇರ್ಲಿಲ್ಲ. ನಡುವೆ ಜಾಗ ಬಿಟ್ಟು ಕಚ್ಚೋ, ಮುಂದಿನ ಹಲ್ಲು ಬಿದ್ದಿರೋ ಬಾಯಿ ಈ ಮನೇಲಿ ಇನ್ಯಾರ್ದು?’

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

‘ನೀನೇ ಬಂದ್ ಹೇಳ್ತೀಯ ಅಂತ ಕಾಯ್ತಿದ್ದೆ. ನಮ್ಮಪ್ಪಾನೂ ಇಂಗೇ ಕಾದಿರ್ಬೇಕು. ನಾನು ಹೋಗ್ಲಿಲ್ಲ. ನೀನು ಬಂದ್ಬುಟ್ಟೆ.’

ಹಾಗಾದರೆ ಎಲೆ ಸರಿಸಿದ್ದು ಯಾರು ಎಂದೆ. ಆ ಸದ್ದನ್ನು ಅಪ್ಪನೂ ಕೇಳಿದ್ದರು. ಫೋಟೋ ಕಡೆ ಒಮ್ಮೆ ನೋಡಿ, ದೀಪದ ಬತ್ತಿ ಏರಿಸಿದರು.

ಹೋದ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ದರು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದಾಗ ಡಾಕ್ಟ್ರು ಏನಂದ್ರವ್ವ ಎಂದು ಅಪ್ಪ ಕೇಳಿದರು. ನಾಳೆ ಮನೆಗೆ ಹೋಗಬಹುದಂತೆ ಎಂದೆ. ಅಪ್ಪ ನನ್ನ ಹಲ್ಲಿನ ಕಡೆ ನೋಡಿ ನಕ್ಕರು. ದೀಪ ಹಚ್ಚುವ ಹೊತ್ತು ದಾಟುವ ತನಕ ನಿದ್ದೆ ಮಾಡದೆ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಸುಳ್ಳನ್ನು ನಾನು ಒಪ್ಪಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಅಪ್ಪನ ಫೋಟೋ ಬದುಕಿದ್ದಾಗಲೇ ತೆಗೆದದ್ದು. ನಗುವ ಭರದಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದಾರೆ. ಬಣ್ಣದಲ್ಲಿ ಕಣ್ಣು ಬರೆದುಕೊಡಲೇ ಎಂದು ಫೋಟೋದವನು ಕೇಳಿದ, ಬೇಡ ಎಂದೆ. ದಿನವೂ ದೀಪ ಹಚ್ಚಿ, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆಸ್ಪತ್ರೆಯ ಆ ಸುಳ್ಳನ್ನೇ ಮೊದಲು ಒಪ್ಪಿಸುತ್ತೇನೆ.