ಮೀನಿಗೆ ರಾಡ್ ಹಾಕಿದ್ದು ಯಾರು?

ಇದನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಒಮ್ಮೆ ಗ್ಯಾಸ್ ಬುಕ್ ಮಾಡುವುದು, ಒಮ್ಮೆ ಹಲ್ಲುನೋವು. ಈಗ ಹಲ್ಲೂ ಉಳಿದಿಲ್ಲ, ನೆಪವೂ ಉಳಿದಿಲ್ಲ. ಹೇಳಿಬಿಡುತ್ತೇನೆ.

ಗುಂಡ್ಲುಪೇಟೆಯಲ್ಲಿ ಒಂದು ಹೋಟೆಲು ಮುಚ್ಚಿದಾಗ ಅಲ್ಲಿದ್ದ ಮೀನಿನ ತೊಟ್ಟಿಯನ್ನು ಚಾಮರಾಜನಗರದ ನಮ್ಮ ಮನೆಗೆ ತಂದೆ. ನಾನೇ ಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಒಂದೇ ಒಂದು ಮೀನು, ಆಸ್ಕರ್ ಜಾತಿಯದು, ಅಂಗೈಗಿಂತ ದೊಡ್ಡದು. ತಂದವನು ನಾನು, ಒಲಿದದ್ದು ನಮ್ಮ ಮನೆಯವಳಿಗೆ. ಗುಂಡ ಎಂದು ಹೆಸರಿಟ್ಟಳು. ಅವಳ ಬಳೆ ಸದ್ದಿಗೇ ಗಾಜಿನ ಬಳಿ ಬಂದು ಅವಳ ಕೈಯಿಂದ ತಿನ್ನುತ್ತಿದ್ದ. ನಾನು ಹೋದರೆ ಬೆನ್ನು ತೋರಿಸುತ್ತಿದ್ದ. ಈ ಮನೆಯಲ್ಲಿ ನನಗೆಷ್ಟು ಮರ್ಯಾದೆ ಎಂಬುದು ಅವನಿಗೆ ಬಂದ ದಿನವೇ ತಿಳಿದಿತ್ತು!

ಪುಷ್ಯದ ಚಳಿಗೆ ಗುಂಡ ತಳ ಹಿಡಿದು ಮಲಗಿಬಿಟ್ಟ. ತಿನ್ನುವುದನ್ನೂ ಬಿಟ್ಟ.

"ಏನಾರ ಮಾಡಿ. ಅವನಿಗೇನಾರ ಆದ್ರೆ ಈ ತೊಟ್ಟಿ ಜೊತೆ ನೀವೂ ಗುಂಡ್ಲುಪೇಟೆಗೆ ಓಗ್ಬುಡಿ" ಎಂದಳು.

ಹೋದೆ. ಗುಂಡ್ಲುಪೇಟೆಗಲ್ಲ, ಸಾಕುವ ಮೀನು ಮಾರುವ ಅಂಗಡಿಗೆ. ಅಲ್ಲಿನ ಸಾಬರು, "ದೊಡ್ಡ ತೊಟ್ಟಿ ಸಾರ್, ಎರಡು ಹೀಟರ್ ತಗೊಳ್ಳಿ. ಆ ತುದಿಗೊಂದು, ಈ ತುದಿಗೊಂದು. ಪಂಪ್ ಮಾತ್ರ ನಿಲ್ಲಿಸಬೇಡಿ" ಎಂದರು.

"ಒಬ್ಬಳೇ ಹೆಂಡ್ತಿ ಸಾಕು ಅಂದ್ಕಂಡವನಿಗೆ ಎರಡು ಹೀಟರ್ ಯಾಕೆ ಸಾಬ್ರೆ?" ಎಂದು ನಕ್ಕು, ಒಂದೇ ಒಂದನ್ನು ತಂದೆ. ನನಗೇ ಪಾಠವೇ? ಹರದನಹಳ್ಳಿಯಲ್ಲಿ ಅರ್ಧ ಆಯುಸ್ಸು ರೇಷ್ಮೆ ಹುಳು ಸಾಕಿದವನು ನಾನು!

ಹುಳು ಮನೆಯ ಪಾಠ ಸರಳವಾದದ್ದು. ಮೂಲೆಯಲ್ಲಿ ಬೆಂಕಿ ಇಡಬೇಕು, ಕಿಟಕಿ ಮುಚ್ಚಬೇಕು, ಎಳೆ ಹುಳುವಿಗೆ ಗಾಳಿ ಸೋಕಬಾರದು. ಗಾಳಿಯಾದರೇನು, ನೀರಾದರೇನು? ಹೀಟರನ್ನು ಒಂದು ಮೂಲೆಗೆ ಅಂಟಿಸಿದೆ. ನೀರನ್ನು ಓಡಾಡಿಸುವ ಪಂಪನ್ನು ಸಕಲ ಗಾಂಭೀರ್ಯದಿಂದ ನಿಲ್ಲಿಸಿದೆ. ಮೇಲೆ ಕಂಬಳಿ ಹೊದಿಸಿದೆ. ತೊಟ್ಟಿ ಬಾಣಂತಿಯಂತೆ ಕಂಡಿತು.

ಸಂಜೆ ನಮ್ಮ ಮನೆಯವಳು ಕಂಬಳಿ ಎತ್ತಿ ನೋಡಿದಳು. ಗುಂಡ ಹೀಟರಿಗೆ ಅಂಟಿಕೊಂಡು, ಬೆಂಕಿ ಕಾಯಿಸಿಕೊಳ್ಳುವ ಮುದುಕನಂತೆ ನಿಂತಿದ್ದ.

"ಈ ಕಡೆ ನೀರು ಮುಟ್ಟಿ ನೋಡಿ, ಐಸ್ ಇದ್ದಂಗದೆ. ಪಂಪ್ ಹಾಕ್ಬುಡಿ ಕಣ್ರೀ."

"ನಿಂಗೊತ್ತಾಗಕಿಲ್ಲ, ಸುಮ್ನಿರು."

ಹೀಟರಿನ ದೀಪ ಆರಿತ್ತು. ಅದರ ಮೂಲೆ ಬೆಚ್ಚಗಾಗಿದ್ದರಿಂದ ಅದು ತನ್ನ ಕೆಲಸ ಮುಗಿಯಿತೆಂದು ತಾನೇ ಆರಿತ್ತು. ಕೆಟ್ಟುಹೋಗಿದೆ ಎಂದು ನಾನು ತೀರ್ಪು ಕೊಟ್ಟೆ. ಬಚ್ಚಲಿಗೆ ಹೋಗಿ, ಸ್ನಾನದ ಬಕೆಟ್ಟಿಗೆ ಹಾಕುವ ರಾಡ್ ತಂದೆ.

"ಅದು ಬ್ಯಾಡ ಕಣ್ರೀ! ಅವನೇನ್ ಎಣ್ಣೆಸ್ನಾನ ಕೇಳ್ದನಾ?"

ತಣ್ಣನೆಯ ತುದಿಗೆ ರಾಡ್ ನೇತುಹಾಕಿ ಸ್ವಿಚ್ ಒತ್ತಿದೆ. ಕಾದ ರಾಡ್ ಗಾಜಿಗೆ ಒರಗಿತು. 'ಟಣ್' ಎಂದು ಸದ್ದಾಯಿತು. ಎಷ್ಟು ಇಂಪಾದ ಸದ್ದು ಎಂದುಕೊಳ್ಳುವಷ್ಟರಲ್ಲಿ ಗಾಜು ಸೀಳಿತು!

ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಅಂದು ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ತಿರುಗಿ ನೋಡಿದರೆ ನಡುಮನೆಯೇ ಕೆರೆ. ಕಂಬಳಿ ತೇಲುತ್ತಿತ್ತು. ಗುಂಡ ಪ್ರವಾಹದೊಡನೆ ಹೊಸ್ತಿಲು ದಾಟಿ, ಜಗಲಿ ಇಳಿದು, ಪಕ್ಕದ ಮನೆ ರಾಜಪ್ಪನ ಚಪ್ಪಲಿಗಳ ಜೊತೆ ಬೀದಿಯ ಕಡೆ ಹೊರಟಿದ್ದ. ನಮ್ಮ ಮನೆಯವಳು ಬಿದ್ದೆದ್ದು ಓಡಿ, ಸೆರಗಿನಲ್ಲಿ ಅವನನ್ನು ಬಾಚಿ, ಇಡ್ಲಿ ಪಾತ್ರೆಯ ನೀರಿಗೆ ಬಿಟ್ಟಳು. ಗುಂಡ ಒಮ್ಮೆ ಬಾಲ ಆಡಿಸಿದ. ಬದುಕಿದ್ದ!

ಬೀದಿಯೆಲ್ಲ ಸೇರಿತು. ರಾಜಪ್ಪ ಚಪ್ಪಲಿ ಹುಡುಕುತ್ತಾ ಒಳಗೆ ಇಣುಕಿದ. "ಯಾರಪ್ಪ ಇದು, ಮೀನಿಗೆ ರಾಡ್ ಹಾಕ್ದೋರು?"

ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಬಾಯಿ ನನ್ನನ್ನು ಕೇಳದೆಯೇ ಮಾತಾಡಿತು.

"ಇವಳೇ ಕಣ ರಾಜಪ್ಪ. ಕರೆಂಟ್ ವಿಚಾರ ಹೆಂಗಸ್ರಿಗೆ ಏನ್ ಗೊತ್ತಾಯ್ತದೆ?"

ಒದ್ದೆ ಸೀರೆಯಲ್ಲಿ ಪಾತ್ರೆ ಹಿಡಿದು ನಿಂತವಳು ನನ್ನನ್ನು ನೋಡಿದಳು. ಪಾತ್ರೆಯಿಂದ ಗುಂಡನೂ ನೋಡಿದ. ಅವಳು ಪಾತ್ರೆ ಹಿಡಿದು ಒಳಗೆ ಹೋದಳು.

ಅಂದಿನಿಂದ ಅವಳಿಗೆ 'ಮೀನ್ ಬೇಯಿಸ್ದಮ್ಮ' ಎಂದು ಹೆಸರಾಯಿತು. ಮಾತು ಬಸ್ಸು ಹತ್ತಿ ಬೇಗೂರಿಗೂ ಹೋಯಿತು. ಅಲ್ಲಿನ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಯಾವುದೋ ಹುಡುಗಿ ನಗು ತಡೆಯುತ್ತಾ ಕೇಳಿದಳು: "ಮೀನಿಗೆ ರಾಡ್ ಹಾಕಿದ್ದು ನೀವೇನಾ ಅತ್ತೆ?"

"ಊಂ ಕಣಮ್ಮಿ, ನಾನೇ. ಪಾಪ, ಅದುಕ್ಕೆ ಚಳಿಯಾಗಿತ್ತು" ಎಂದಳು. ನನ್ನ ಕಡೆ ತಿರುಗಲೂ ಇಲ್ಲ. ನಾನು ಪಕ್ಕದಲ್ಲೇ ಕುಳಿತು ಪಾಯಸದ ಗುಣಗಾನದಲ್ಲಿ ತೊಡಗಿದ್ದೆ.

ಆಮೇಲೆ ಹೊಸ ಗಾಜು ಹಾಕಿಸಿದೆ. ಸಾಬರ ಬಳಿ ತಪ್ಪೊಪ್ಪಿಕೊಂಡು ಎರಡು ಹೀಟರ್ ತಂದೆ. ರಾಜಪ್ಪನ ಬಳಿ ಚಪ್ಪಲಿಗಾಗಿ ಕ್ಷಮೆ ಕೇಳಿದೆ. ಗುಂಡನ ಮುಂದೆಯೂ ಕೈಮುಗಿದೆ. ಅವನು ಬೆನ್ನು ತೋರಿಸಿದ. ಇಷ್ಟೆಲ್ಲ ಕ್ಷಮೆ ಕೇಳಿದ ಮಹಾಪುರುಷ ನಾನು, ಅವಳ ಬಳಿ ಕೇಳಲು ಮಾತ್ರ ಅಡುಗೆಮನೆಯ ಬಾಗಿಲವರೆಗೆ ಹೋಗಿ, ನೀರು ಕುಡಿದು ವಾಪಸು ಬರುತ್ತಿದ್ದೆ.

ಮದುವೆಯಾದಾಗಿನಿಂದ ನಾನು ಅವಳನ್ನು ಕರೆದದ್ದು 'ಇವಳೇ' ಎಂದು, 'ನೋಡಿಲ್ಲಿ' ಎಂದು. ಹೆಸರು ಹಿಡಿದು ಕರೆಯಲು ನಾಲಗೆ ಏಳುವುದಿಲ್ಲ. ಬರೆಯುವುದಕ್ಕೆ ನಾಲಗೆ ಬೇಕಿಲ್ಲವಲ್ಲ! ಆದ್ದರಿಂದ ನಮ್ಮ ಬೀದಿಯವರಿಗೂ ಬೇಗೂರಿನವರಿಗೂ ಈ ಮೂಲಕ ತಿಳಿಸುವುದೇನೆಂದರೆ, ರಾಡ್ ಹಾಕಿದವನು ನಾನು. ಬೇಡ ಎಂದವಳು, ಮೀನನ್ನು ಉಳಿಸಿದವಳು, ನನ್ನ ಪೆದ್ದುತನಕ್ಕೆ ಬಂದ ಹೆಸರನ್ನು ತಾನು ಹೊತ್ತವಳು ಪುಟ್ಟಮಾದಮ್ಮ.